ಆಟಕ್ಕುಂಟು, ಲೆಕ್ಕಕ್ಕಿಲ್ಲ

ಶತಮಾನದ ಸಂಚಿಕೆಗೆ ನಾಲ್ಕು ಮಾತು ಬೇಕಂತೆ:
ರೆಡ್ ವಿಲೋ ವಿಶ್ವವಿದ್ಯಾಲಯದ
ಗಂಡಸರ ಬ್ಯಾಸ್ಕೆಟ್‌ಬಾಲ್ ತಂಡದ ಚರಿತ್ರೆ.
ನಲವತ್ತೊಂದು ಚಳಿಗಾಲ ಅಂಕಪುಸ್ತಕ ಬರೆದವಳು ನಾನು,
ಓರ್ಡಿಸ್ ಹೌಗನ್. ಬರೆಯುತ್ತೇನೆ.

ಮೊದಲ ಪುಟ ನನ್ನ ಕೈಬರಹವಲ್ಲ. ಸಾವಿರದ ಒಂಬೈನೂರ ಒಂಬತ್ತು:
ಗೋಧಿ ಉಗ್ರಾಣದ ಅಟ್ಟ, ಸೀಮೆಎಣ್ಣೆ ದೀಪ,
ಗೋಡೆಗೆ ಬಡಿದ ಎರಡು ಸೇಬಿನ ಬುಟ್ಟಿ.
ಚೆಂಡು ಬಿದ್ದಾಗಲೆಲ್ಲ ಏಣಿ ಹತ್ತಿ ತೆಗೆಯುವುದು
ಗ್ರೀಕ್ ಕಲಿಸುವ ಮೇಷ್ಟರ ಕೆಲಸ.
ಬುಟ್ಟಿಯ ತಳ ಕತ್ತರಿಸಬಹುದೆಂದು
ನಾಲ್ಕು ವರ್ಷ ಯಾವ ಪಂಡಿತನಿಗೂ ಹೊಳೆಯಲಿಲ್ಲ.

ಹದಿನೆಂಟರ ಪುಟ ಖಾಲಿ. ಶೀತಜ್ವರ.
ಅಂಗಳದ ತುಂಬ ಮಂಚ.

ನಲವತ್ತಮೂರರಲ್ಲಿ ಉಳಿದವರು ಐದೇ ಜನ.
ಮಿಕ್ಕವರು ಯುದ್ಧಕ್ಕೆ.
ಒಬ್ಬ ಫೌಲಾಗಿ ಹೊರಬಿದ್ದರೆ ನಾಲ್ವರು, ಆಮೇಲೆ ಮೂವರು.
ಒಂದು ಆಟ ಮೂವರೇ ಮುಗಿಸಿದರು, ಗೆದ್ದರು ಕೂಡ.
ಅದನ್ನು ಬೇಕಾದರೆ ದಪ್ಪಕ್ಷರದಲ್ಲಿ ಹಾಕಿಕೊಳ್ಳಿ.

ಐವತ್ತೇಳು. ನಮ್ಮ ಮೊದಲ ಕಪ್ಪು ಹುಡುಗ, ಲೂಷಸ್ ಪೆಟಿಗ್ರೂ.
ಹೋಟೆಲಿನವನು ಹನ್ನೆರಡು ಜನರಿಗೆ
ಹನ್ನೊಂದು ಕೀಲಿಕೈ ಎಣಿಸಿಟ್ಟ.
ಕೋಚ್ ಟ್ವೈಟ್ ಮಾತಾಡಲಿಲ್ಲ,
ಹನ್ನೊಂದನ್ನೂ ಹಿಂದಕ್ಕೆ ತಳ್ಳಿದ.
ಬಸ್ಸಿನಲ್ಲೇ ಮಲಗಿದೆವು. ಕಿಟಕಿಯ ಒಳಬದಿಗೂ ಹಿಮ.
ಎಲ್ಲರ ಚಳಿಯೂ ತನ್ನ ತಪ್ಪೆಂಬಂತೆ
ಲೂಷಸ್ ಬೆಳಗಿನವರೆಗೆ ಕೂತೇ ಇದ್ದ.
ಮಾರನೆಯ ದಿನ ಅವನದು ಮೂವತ್ತನಾಲ್ಕು ಅಂಕ. ಬರೆದೆ.
ಆ ರಾತ್ರಿಗೆ ಪುಸ್ತಕದಲ್ಲಿ ಕಲಂ ಇರಲಿಲ್ಲ.

ಎಪ್ಪತ್ತೊಂದು.
ಇದನ್ನು ಅಚ್ಚು ಹಾಕಬೇಡಿ. ಅಥವಾ ಹಾಕಿ.

ಎಮರಿ ಸ್ಟ್ಯಾಂಡಿಂಗ್ ಕ್ರೇನ್, ಲಕೋಟ ಹುಡುಗ.
ಹೆಸರಿನಲ್ಲಿ ನಿಂತ ಕೊಕ್ಕರೆ,
ಬೆಂಚಿನಲ್ಲಿ ಮೂರು ವರ್ಷ ಕೂತವನು.
ಟವೆಲ್ ಮಡಚುತ್ತಿದ್ದ. ಯಾರ ಮೊಣಕಾಲು
ಯಾವ ಹವೆಗೆ ನೋಯುತ್ತದೆಂದು ಬಲ್ಲವನು.
ಫೈನಲ್ಲಿನ ಮೊದಲರ್ಧ ಮುಗಿಯಲಿಕ್ಕಿತ್ತು, ಯಾರದೋ ಮೂಗೊಡೆಯಿತು.
ಎಮರಿ ಇಳಿದ. ನಲವತ್ತು ಸೆಕೆಂಡು.
ಚೆಂಡು ಹೇಗೋ ಅವನ ಕೈಗೆ ಬಂತು,
ಬಿಟ್ಟ, ಒಳಗೆ ಬಿತ್ತು,
ನನ್ನ ಪೆನ್ಸಿಲ್ಲಿನ ಮೊನೆ ಮುರಿಯಿತು.

ಚೀಲ ತಡಕಿ ಇನ್ನೊಂದು ತೆಗೆಯುವಷ್ಟರಲ್ಲಿ
ಸೀಟಿ, ಫೌಲು, ಬೇರೆ ಯಾರದೋ ನಂಬರು.
ವಿರಾಮದಲ್ಲಿ ಗೋಡೆಯ ಫಲಕ ಒಂದು ಹೇಳಿತು,
ನನ್ನ ಪುಸ್ತಕ ಇನ್ನೊಂದು.
ತೀರ್ಪುಗಾರ ಬಗ್ಗಿ ಕೇಳಿದ:
ಪುಸ್ತಕ ಏನನ್ನುತ್ತೆ, ಓರ್ಡಿಸ್?
ನಿಯಮವೇ ಹಾಗೆ. ಫಲಕ ತಪ್ಪಬಹುದು, ಪುಸ್ತಕ ತಪ್ಪುವುದಿಲ್ಲ.
ಇದ್ದದ್ದನ್ನು ಓದಿದೆ.
ಫಲಕದ ಹುಡುಗ ಎರಡು ಅಂಕ ಇಳಿಸಿದ.

ಒಂದೇ ಅಂಕದಿಂದ ಸೋತೆವು.

ಬುಧವಾರ ರಾತ್ರಿ ತಟ್ಟೆ ತೊಳೆಯುವಾಗ
ಸೋಪಿನ ನೊರೆಯಿಂದ ಅವನ ಕೈ ಮೇಲೆದ್ದದ್ದು ಕಂಡಿತು.
ನಲ್ಲಿ ನಿಲ್ಲಿಸಲು ಮರೆತೆ.
ಆ ಬೇಸಿಗೆ ಟ್ವೈಟ್ ಕೆಲಸ ಬಿಟ್ಟು
ದನದ ಮೇವು ಮಾರಲು ಹೋದ.
ನಾನು ಬಿಡಲಿಲ್ಲ. ಇನ್ನೂ ಇಪ್ಪತ್ತೈದು ವರ್ಷ ಬರೆದೆ.
ನನ್ನ ಸೊನ್ನೆಗಳು ಬಲು ದುಂಡಗೆ ಎನ್ನುತ್ತಿದ್ದರು.

ಹೋದ ಅಕ್ಟೋಬರಿನಲ್ಲಿ ಅವನು ಬಂದಿದ್ದ,
ಪಕ್ಕದಲ್ಲಿ ಮೊಮ್ಮಗಳು.
ಗಾಜಿನ ಪೆಟ್ಟಿಗೆಯಲ್ಲಿ ಪುಸ್ತಕ, ಅದೇ ಪುಟ ತೆರೆದಿದೆ,
ತೀರಾ ಹತ್ತಿರ ಬಂದು ಸೋತ ವರ್ಷವೆಂದು.
ಮೂಗು ಒತ್ತಿ ಹುಡುಕಿ ಕೇಳಿದಳು:
ತಾತ, ನಿನ್ನದು ಸೊನ್ನೆ ಅಂತಿದೆ?
ಆಟಕ್ಕಿದ್ದೆ ಪುಟ್ಟಿ, ಲೆಕ್ಕಕ್ಕಿರಲಿಲ್ಲ, ಅಂದ.

ನಾನು ನೋಡಿದ್ದೇನೆ, ಅಂದೆ.
ಬಾಯಿ ಒಣಗಿತ್ತು.
ಹಲಗೆಗೆ ಬಡಿದು ಬಿತ್ತು. ಎಡಗೈ.
ಬಲಗೈ, ಅಂದ ನಗುತ್ತ, ಕಣ್ಣು ಮುಚ್ಚಿಕೊಂಡಿದ್ದೆ.

ಆವತ್ತೇ ಯಾಕೆ ಹೇಳಲಿಲ್ಲ, ಎಮರಿ?

ಹೇಳಿದೆನಲ್ಲ.
ನಿಮ್ಮ ಮೇಜಿಗೇ ಬಂದು.

ಮೇಜು ನೆನಪಿದೆ. ಮುರಿದ ಮೊನೆ
ಉರುಳಿ ಹೋದ ದಿಕ್ಕು ಕೂಡ ನೆನಪಿದೆ.
ಅವನು ಬಂದದ್ದು

ಇಷ್ಟೇ. ಜಾಗ ಸಾಲದಿದ್ದರೆ
ಏಣಿಯ ಮೇಷ್ಟರನ್ನು ತೆಗೆಯಿರಿ.