ಒತ್ತಕ್ಷರ

ಸುಂಟಿಕೊಪ್ಪದಲ್ಲಿ, ಮೀನು ಮಾರ್ಕೆಟ್ಟಿಗಿಳಿಯುವ ಮೆಟ್ಟಿಲ ಪಕ್ಕ
ಮೊಯ್ದುಕಾಕನ ಟೈಲರ್ ಅಂಗಡಿ.
ಅದರೊಳಗೆ, ಬಾಗಿಲ ಮೂಲೆಗೆ,
ಒಂದು ಮೇಜಿನಗಲ ನನ್ನ ರಾಜ್ಯ.

ಬಾಡಿಗೆ ಇಲ್ಲ. ಬದಲಿಗೆ
ಸಂಜೆ ಕಸ ಗುಡಿಸುವುದು ನನ್ನ ಪಾಲು.
ಕಸ ಅನ್ನುವುದು ಅವರ ಮಾತು.
ನಾನು ಮೊಣಕಾಲೂರಿ ಹೆಕ್ಕುತ್ತೇನೆ:
ಶಾಲೆ ಯೂನಿಫಾರ್ಮಿನ ನೀಲಿ ಅಂಚು,
ಯಾರದೋ ನೈಟಿಯಲ್ಲಿ ಉಳಿದ ಅರ್ಧ ಗುಲಾಬಿ,
ನಿಕಾಹಿನ ಲಂಗದಿಂದ ಉದುರಿದ ಮಿಣುಕು,
ಹುಳ ತಿಂದ ಹಳೇ ಕುಪ್ಯದ ಕರಿ ಉಣ್ಣೆ.
ತೂತಿನಾಚೆ ಬೀದಿ ಕಾಣಿಸುತ್ತದೆ.

ಆ ತೂತಿಗೆ ಹಿಂದಿನಿಂದ ಚೇಲೆಯ ಕೆಂಪು ಚೂರು ಕೊಟ್ಟು
ಗುಂಡಿಗೆ ಸುತ್ತಿದರೆ ಕಿವಿಯೋಲೆ.
ಪ್ಯಾಂಟಿನ ಜೇಬು ಮೊಬೈಲಿನ ಚೀಲ.
ತಪ್ಪಿ ಕತ್ತರಿಸಿದ ತೋಳು, ಕೂದಲಿಗೆ ಪಟ್ಟಿ.
‘ತೋಳು ತಲೆಗೇರಿತಲ್ಲ!’ ಅನ್ನುತ್ತಾರೆ ಕಾಕ,
ಬಾಯಲ್ಲಿ ಸೂಜಿ ಕಚ್ಚಿಕೊಂಡೇ ನಗುತ್ತಾರೆ.
ಒಂದು ದಿನ ನುಂಗುತ್ತಾರೆ, ನೋಡಿ.

ಕಾರ್ಡಿನ ಕಥೆ ಬೇರೆ.
ಕಾರ್ಡಿಗೆ ದಪ್ಪ ಕಾಗದ ಬೇಕು, ದಪ್ಪ ಕಾಗದಕ್ಕೆ ದುಡ್ಡು.
ಕ್ಯಾಲೆಂಡರಿನ ಹಾಳೆ ಸುರುಳಿ ಬಿಡುವುದಿಲ್ಲ,
ಬಿಸ್ಕತ್ತಿನ ರಟ್ಟಿನಲ್ಲಿ ಬೆಲೆ ಇಣುಕುತ್ತದೆ.
ಹೀಗಿರುವಾಗ ನವೆಂಬರಿನಲ್ಲಿ
ಬೊಳ್ಳಮ್ಮ ಜೀಪು ನಿಲ್ಲಿಸಿ
ಪೆಟ್ಟಿಗೆಯೊಂದನ್ನು ನನ್ನ ಮೇಜಿಗಿಳಿಸಿದಳು.
ಬಿಚ್ಚದ ಕಟ್ಟುಗಳು. ಮುನ್ನೂರೈವತ್ತು.
ಬಂಗಾರದ ಪೀಚೆಕತ್ತಿ ಉಬ್ಬಿ ನಿಂತ,
ಅಚ್ಚಿನ ಮನೆಯ ವಾಸನೆ ಇನ್ನೂ ಆರದ
ಮದುವೆ ಕಾಗದ.
‘ಇದರ ಕೆಲಸ ಮುಗಿಯಿತು’ ಅಂದಳು.
ಮುಗಿಯಿತೋ, ಶುರುವೇ ಆಗಲಿಲ್ಲವೋ, ನಾನು ಕೇಳಲಿಲ್ಲ.
ಮಾರ್ಕೆಟ್ಟು ಆಗಲೇ ಕೇಳಿ
ಉತ್ತರವನ್ನೂ ತಾನೇ ಹೇಳಿಕೊಂಡಿತ್ತು.

ಹೆಸರಿದ್ದ ಕಡೆ ಕತ್ತರಿ ಇಡಲು
ಎರಡು ದಿನ ಕೈ ಬರಲಿಲ್ಲ.
ಮೂರನೇ ದಿನ ಮಗುಚಿ ಹಾಕಿದೆ.
ಹಿಂಬದಿ ಬೆಳ್ಳಗೆ, ಏನೂ ಗೊತ್ತಿಲ್ಲದ ಹಾಗೆ.

ಕಾಫಿ ಹೂ ಹುಟ್ಟಿದ್ದು ಹಾಗೆ.
ಉಗುರಗಲದ ಎಸಳು, ಗೆಣ್ಣಿಗೊಂದು ಗೊಂಚಲು,
ಕಡ್ಡಿಗೆ ಕುಪ್ಯದ ಕಪ್ಪು ನೂಲು,
ಎಲೆಗೆ ಯಾರದೋ ರವಿಕೆಯ ಹಸಿರು.
ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ,
ಇಲ್ಲದಿದ್ದರೆ ಜಿರಲೆ ಓದಿಬಿಡುತ್ತದೆ.
ಎಸಳೆಸಳ ಬೆನ್ನಿಗೂ ಒಂದು ಗೆರೆ, ಒಂದು ಕೊಂಬು,
ಅರ್ಧ ತಾರೀಕು,
ಚಿ. ಸೌ. ಅನ್ನುವುದರಲ್ಲಿ ಬರೀ ಚುಕ್ಕಿ.
ಎತ್ತಿ ನೋಡುವವರು ಯಾರು?

ಹುಟ್ಟಿದ ದಿನಗಳಿಗೆ ಹೋದವು, ಪುತ್ತರಿಗೆ ಹೋದವು.
ಮಾದಾಪುರದ ಸಿಸ್ಟರು ಕ್ರಿಸ್‌ಮಸ್ಸಿಗೆ ನಲವತ್ತು ಒಯ್ದರು,
ಪೀಚೆಕತ್ತಿ ಮಾತ್ರ ಬೇಡ ಅಂದರು.

ಮಾರ್ಚಿನಲ್ಲಿ, ಹೂಮಳೆ ಬಿದ್ದ ಒಂಬತ್ತನೇ ದಿನ,
ತೋಟವೆಲ್ಲ ಬಿಳಿಯಾಗಿ ಬಸ್‌ಸ್ಟ್ಯಾಂಡಿಗೂ ಪರಿಮಳ ಬಂದಾಗ
ಬೊಳ್ಳಮ್ಮ ಬಂದಳು, ಪ್ಯಾಂಟು ಗಿಡ್ಡ ಮಾಡಿಸಲು.
ಕಾಕ ಚೀಟಿ ಬರೆಯುವಷ್ಟರಲ್ಲಿ
ಕಾರ್ಡೊಂದನ್ನು ಎತ್ತಿಕೊಂಡಳು.
ನಾನು ಸೂಜಿಗೆ ದಾರ ಪೋಣಿಸತೊಡಗಿದೆ,
ಪೋಣಿಸಿಯೇ ಇತ್ತು, ಆದರೂ.
ಕಿರುಬೆರಳ ಉಗುರಿನಲ್ಲಿ
ಒಂದೆಸಳನ್ನು ಮೆಲ್ಲಗೆ ಮಗುಚಿದಳು.
ಇನ್ನೊಂದು. ಮತ್ತೊಂದು.

‘ಇಲ್ಲಿ ನೋಡಿ’ ಅಂದಳು, ‘ನನ್ನ ಒತ್ತಕ್ಷರ.’

ಹೌದು. ಮ-ದ ಕೆಳಗಿನ ಆ ಪುಟ್ಟ ಮ,
ತಲೆಯ ಮೇಲೆ ಹೊರೆಯಿಲ್ಲದೆ
ಹೂವಿನ ಬೆನ್ನಿಗೆ ಒರಗಿ ಕೂತಿತ್ತು.
ಅವನ ಹೆಸರನ್ನು ಹುಡುಕಲಿಲ್ಲ.
ಹುಡುಕಿದಳೋ ಏನೋ,
ಅವನ ಹೆಸರಲ್ಲಿ ಒತ್ತೇ ಇರಲಿಲ್ಲ.

‘ಎಷ್ಟು?’
‘ನಲವತ್ತು.’
‘ಕಾಗದ ನಂದು. ಐದು ಬಿಡಿ.’

ಬಿಟ್ಟೆ. ಚಿಲ್ಲರೆ ಇರಲಿಲ್ಲ.
ಐದರ ಬದಲು ಜೋಡಿ ತಪ್ಪಿದ ಎರಡು ಓಲೆ ಕೊಟ್ಟೆ,
ಒಂದು ಕೆಂಪು, ಒಂದು ಯೂನಿಫಾರ್ಮಿನ ನೀಲಿ.
ಅಲ್ಲೇ ಕನ್ನಡಿಯೆದುರು ಹಾಕಿಕೊಂಡು
ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿದಳು.
ಕಾರ್ಡಿನೊಳಗೆ ಏನೂ ಬರೆಯಿಸದೆ ಬ್ಯಾಗಿಗೆ ಹಾಕಿದಳು.

ಯಾರಿಗೆ ಅಂತ ನಾನು ಕೇಳಲಿಲ್ಲ.
ಕಾಕ ಕೇಳಿದರು. ಬಾಯಲ್ಲಿ ಸೂಜಿಯಿತ್ತು,
ಯಾರಿಗೂ ತಿಳಿಯಲಿಲ್ಲ.