ಬರಬೇಕಾದದ್ದು

ಗ್ರಿಮ್ಸ್‌ಬಿಯ ಹರಾಜುಕಟ್ಟೆಯಲ್ಲಿ ಬೆಳಗಿನ ಐದಕ್ಕೆ
ವಾಲ್ಟರ್ ಡ್ರೂರಿ ಹ್ಯಾಡಕ್ ಮೀನಿನ ಕಿವಿರೆತ್ತಿ ನೋಡುತ್ತಾನೆ,
ಹೆಬ್ಬೆರಳಿಂದ ಒಮ್ಮೆ ಬೆನ್ನು ಒತ್ತುತ್ತಾನೆ.
ಕುಳಿ ಕೂಡಲೇ ತುಂಬಿಕೊಂಡರೆ ತಾಜಾ.
ಹಾಗೇ ಉಳಿದರೆ
ಏನೂ ಹೇಳುವುದಿಲ್ಲ, ಪಕ್ಕದ ಪೆಟ್ಟಿಗೆಗೆ ಹೋಗುತ್ತಾನೆ.

ನನ್ನ ಕಟ್ಟೆ ಮಹಡಿಯ ಮೇಲೆ:
ಹೀಟರಿನ ಬಳಿ ಒಂದು ಮೇಜು, ಒಂದು ಹಳೇ ಪರದೆ,
ಕಿಟಕಿಯಾಚೆ ಮೀನು ಹೊಗೆಯಾಡಿಸುವ ಮನೆಯ ಕಪ್ಪು ಚಿಮಣಿ.
ಆ ವಾಸನೆ ನನ್ನ ಸ್ವೆಟರಿಗೆ ಗೊತ್ತು,
ಬಸ್ಸಿನಲ್ಲಿ ಪಕ್ಕದ ಸೀಟಿಗೂ ಗೊತ್ತು.
ನಾನು ಒತ್ತಿ ನೋಡುವುದು ಬಾಕಿಗಳನ್ನು.
ಮೂವತ್ತು ದಿನದ್ದು: ಕಣ್ಣು ಇನ್ನೂ ಹೊಳೆಯುತ್ತಿದೆ.
ಅರವತ್ತರದ್ದು: ಮಂಜು ಕವಿದಿದೆ.
ತೊಂಬತ್ತು ದಾಟಿತೋ, ಮೂಗೇ ಸಾಕು, ಲೆಕ್ಕ ಬೇಡ.

ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಕಿರ್ದಿ ಬರೆಯುತ್ತಿದ್ದ ನಮ್ಮಜ್ಜ,
ಮೆಣಸಿನಕಾಯಿ ಘಾಟಿಗೆ ಸೀನುತ್ತ, ಹೇಳುತ್ತಿದ್ದ:
ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ.
ಹೇಳಿ, ಬಂದವನಿಗೆ ಮತ್ತೆ ಉದ್ರಿ ಬರೆಯುತ್ತಿದ್ದ.

ಏಪ್ರಿಲ್ ಮೊದಲ ವಾರ ಮಾಲೀಕ ಸ್ಟೇನ್‌ಫೋರ್ತ್ ಕೇಕು ತರಿಸಿದ.
ಮಾರಾಟ ನೂರಕ್ಕೆ ಹನ್ನೆರಡು ಏರಿದೆಯಂತೆ.
ಅಂಗಳದಲ್ಲಿ ಹೊಸ ತಂಪುಲಾರಿ,
ಅದರ ಮೈಮೇಲೆ ನಗುವ ನೀಲಿ ಮೀನು
(ಮೀನು ಯಾಕೆ ನಗುತ್ತದೋ, ಈ ಧಂದೆಯಲ್ಲಿ!).
ನಾನು ಕೇಕು ತಿನ್ನುತ್ತ ಕೆಳಗಿನ ಸಾಲು ಓದಿದೆ:
ಬರಬೇಕಾದದ್ದು ಇಮ್ಮಡಿ ದಾಟಿದೆ.
ಹೋದ ವರ್ಷ ನಮ್ಮ ದುಡ್ಡು ಮನೆಗೆ ಬರಲು
ಮೂವತ್ತೆಂಟು ದಿನ ನಡೆಯುತ್ತಿತ್ತು.
ಈಗ ಎಪ್ಪತ್ತೊಂದು.
ದಾರಿ ಉದ್ದವಾಗಿಲ್ಲ.
ಅದು ಯಾರದೋ ಮನೆಯಲ್ಲಿ ಉಂಡು, ಮಲಗಿ ಬರುತ್ತಿದೆ.

ಯಾರದು ಎಂದು ಎಲ್ಲರಿಗೂ ಗೊತ್ತು. ಊರೂರಲ್ಲಿ ಮಳಿಗೆ ಇರುವವರು.
ಒಂದೇ ಸಾಲಿನ ಪತ್ರ ಬಂದಿತ್ತು: ಇನ್ನು ಮುಂದೆ ತೊಂಬತ್ತು ದಿನ.
ಫೋನು ಮಾಡಿದರೆ ಪಿಟೀಲು,
ಪಿಟೀಲಿನ ನಡುವೆ ನಿಮ್ಮ ಕರೆ ನಮಗೆ ಅಮೂಲ್ಯ.
ಆ ಮೀನು ತಿಂದವರು ಅವರ ಗಲ್ಲೆಯಲ್ಲಿ ಅಂದೇ ಕಾಸು ಕೊಟ್ಟರು,
ಮುಳ್ಳು ಬಿಸಾಡಿದರು, ತಟ್ಟೆ ತೊಳೆದರು,
ಎಷ್ಟು ಸಲ ಹಸಿದರೋ, ಎಷ್ಟು ಸಲ ಉಂಡರೋ.
ಬಿಲ್ಲು ಮಾತ್ರ ಇನ್ನೂ ಹಸಿ.
ದೋಣಿಯವರಿಗೆ ನಾವು ವಾರದೊಳಗೆ ಎಣಿಸಬೇಕು.
ಸಮುದ್ರದ ಕಡೆಯವರು ಪಿಟೀಲು ಕೇಳಿಸುವುದಿಲ್ಲ.

ಸಣ್ಣವರನ್ನು ಮೊದಲು ಹಿಂಡು, ಎಂದ ಸ್ಟೇನ್‌ಫೋರ್ತ್,
ನನ್ನ ಮುಖ ನೋಡದೆ.
ಸಣ್ಣವರೆಂದರೆ ಕ್ಲೀಥೋರ್ಪ್ಸಿನ ಮೊರೀನ್ ಬ್ಲೇಡ್ಸ್,
ಕಡಲಬದಿಯಲ್ಲಿ ಮೀನು ಕರಿಯುವ ಅಂಗಡಿ,
ಇನ್ನೂರ ಹನ್ನೆರಡು ಪೌಂಡು, ಎಂಟು ದಿನ ತಡ.
ಬಾಣಲೆ ಕೆಟ್ಟಿತ್ತು ಕಣೇ, ಮಂಗಳವಾರ ತರುತ್ತೇನೆ, ಎಂದಳು.
ಮಂಗಳವಾರ ಬಸ್ಸಿನಲ್ಲಿ ಬಂದಳು.
ಚಿಪ್ಸಿನ ಪೊಟ್ಟಣ ಬಿಚ್ಚಿ ನೋಟು, ನಾಣ್ಯ,
ವಿನೆಗರ್ ವಾಸನೆಯ ಒಂದೊಂದೇ ಪೆನ್ನಿ
ಮೇಜಿನ ಮೇಲೆ ಗುಡ್ಡೆ ಹಾಕಿ ಎಣಿಸಿದಳು;
ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಎಣಿಸಿದಳು.
ರಸೀದಿ ಮಡಿಸಿ ಕೋಟಿನೊಳಗೆ ಇಟ್ಟುಕೊಂಡಳು.

ಜಮಾ ಮಾಡಿ ನೋಡಿದೆ.
ಎಪ್ಪತ್ತೊಂದು ಎಪ್ಪತ್ತೊಂದೇ ಆಗಿತ್ತು.

ಪಾಳಿ ಮುಗಿಸಿ ವಾಲ್ಟರ್ ಮಹಡಿ ಹತ್ತಿ ಬಂದ,
ಬೂಟಿನ ತುಂಬ ಮಂಜುಗಡ್ಡೆ ಚೂರು.
ಶುಕ್ರವಾರ ಸಂಬಳ ಆಗುತ್ತದಲ್ಲ?
ನಾನು ಮಾತಾಡದೆ ಪರದೆ ತಿರುಗಿಸಿದೆ.
ಅವನಿಗೆ ಕನ್ನಡಕವಿರಲಿಲ್ಲ. ಬಗ್ಗಿದ,
ಆ ಅಂಕಿಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದ.
ಬೆರಳ ಸುತ್ತ ನೀರಿನಂಥ ಬಣ್ಣ, ಸಣ್ಣ ಕುಳಿ.
ಕೈ ತೆಗೆದ.
ಇಬ್ಬರೂ ನೋಡುತ್ತ ನಿಂತೆವು.
ತುಂಬಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.