ಹುಣಸೆ ಎಲೆಯಷ್ಟು

ಸಂತೆಪೇಟೆಯಲ್ಲಿ ಆಲೂಗಡ್ಡೆ ಮಂಡಿಯ ಮೇಲ್ಮಹಡಿ.
ಕೆಳಗೆ ಬಿತ್ತನೆ ಗಡ್ಡೆಯ ಚೀಲ, ಹಸಿಮಣ್ಣಿನ ವಾಸನೆ, ಹಮಾಲರ ಬೈಗುಳ;
ಮೇಲೆ ಎಸಿ, ಪಿಸುಮಾತು, ಹನ್ನೆರಡಡಿ ಉದ್ದದ ಹಸಿರು.
ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತುತ್ತೇನೆ,
ಕೈಯಲ್ಲಿ ಇಸ್ತ್ರಿಪೆಟ್ಟಿಗೆ.

ಆಡುವವನಲ್ಲ ನಾನು. ಕೋಲು ಹಿಡಿದದ್ದು
ಉಬ್ಬೆಯ ಹಂಡೆಯಲ್ಲಿ ಬಟ್ಟೆ ತಿರುವುವಾಗ ಮಾತ್ರ.
ಕೀರ್ತಿಪಾಲ್ ಸಾಹುಕಾರರೇ ಗಾಡಿ ಹತ್ತಿರ ಬಂದು ಕರೆದರು:
"ಮಾಚಣ್ಣ, ಮೇಜಿಗೂ ಇಸ್ತ್ರಿ ಹಾಕ್ಬೇಕು ಕಣಯ್ಯ."
ನಕ್ಕೆ. ಆಮೇಲೆ ಕಲಿತೆ:
ಈ ಬಟ್ಟೆಗೊಂದು ದಿಕ್ಕಿದೆ, ಬೆಕ್ಕಿನ ಬೆನ್ನಿಗಿರುವಂತೆ.
ಕಂದು ಚೆಂಡಿನ ಕಡೆಯಿಂದ ಕರಿ ಚೆಂಡಿನ ಕಡೆಗೆ ಸವರಬೇಕು,
ಹಿಂದಕ್ಕೆಳೆಯಬಾರದು ಒಂದು ಸಲವೂ.
ರೋಮ ಎದ್ದರೆ ಚೆಂಡು ಸುಳ್ಳು ಹೇಳುತ್ತದೆ.

ನಾಲ್ಕು ಊರಿನ ಸರಣಿ. ಶಿವಮೊಗ್ಗ, ದಾವಣಗೆರೆ, ಮೈಸೂರು,
ಕೊನೆಗೆ ನಮ್ಮ ಹಾಸನ.
ಮೂರು ಊರಲ್ಲಿ ಕೂಡಿಟ್ಟ ಅಂಕವನ್ನು
ನಾಲ್ಕನೆಯದರಲ್ಲಿ ಕಳೆಯಬಹುದು, ಚೀಟಿ ದುಡ್ಡಿನ ಹಾಗೆ.
ಅರಸೀಕೆರೆಯ ತೌಸೀಫ್ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿದ್ದ,
ಕೋಲಿನ ಉದ್ದನೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು.
ಟಿಕೆಟ್ ನೋಡುವವನು ಕೊಳಲಾ ಅಂತ ಕೇಳಿದನಂತೆ.
"ಹೂಂ ಅಂದ್ಬಿಟ್ಟೆ. ಊದು ಅಂದಿದ್ರೆ ಗತಿ ಏನು?"
ಲಾಡ್ಜಿಗೆ ಕಾಸಿಲ್ಲದೆ ಮೊದಲ ರಾತ್ರಿ
ಮಂಡಿಯ ಚೀಲಗಳ ಮೇಲೇ ಮಲಗಿದ್ದ.
ಬೆಳಿಗ್ಗೆ ಅವನ ಬೆನ್ನ ತುಂಬ ಮಣ್ಣು, ನಾನೇ ಕೊಡವಿದೆ.

ಫೈನಲ್ಲಿನ ಮಧ್ಯಾಹ್ನ,
ಎಡಮೂಲೆಯ ಪಾಕೆಟ್ಟಿಗಿಂತ ಒಂದು ಗೇಣು ಈಚೆ
ಪೆಟ್ಟಿಗೆ ಜಾರುತ್ತಿದ್ದಾಗ ಫೋನು. ಮಗಳು.
"ಅಪ್ಪಾ, ರಿಸಲ್ಟ್ ಬಂತು!"
ಎಷ್ಟೇ? ಅಂತ ಕೇಳಿದ್ದು ಅಷ್ಟೇ.
ಒಂದು ಉಸಿರು ನಿಂತಷ್ಟು ಹೊತ್ತು.
ಎತ್ತಿದಾಗ ಹುಣಸೆ ಎಲೆಯಷ್ಟು ಹೊಳಪು.
ಬ್ರಷ್ ಎಳೆದೆ. ಹೋಯಿತು ಅಂದುಕೊಂಡೆ.
ಹೋಗಿಲ್ಲ ಅಂತ ಕೈಗೆ ಗೊತ್ತಿತ್ತು.
ಕೈ ಬಾಯಿಗೆ ಹೇಳಲಿಲ್ಲ.

ಒಂಬತ್ತನೇ ಫ್ರೇಮು. ನಾಲ್ಕು, ನಾಲ್ಕು.
ಮೇಜಿನ ಮೇಲೆ ಬಿಳಿಯದೊಂದು, ಕರಿಯದೊಂದು.
ಹಾಕಿದವನು ಗೆದ್ದ.
ತೌಸೀಫ್ ಜೋರು ಮಾಡಲಿಲ್ಲ. ತಟ್ಟಿದ,
ನಿದ್ದೆಹೋದ ಕೂಸನ್ನು ಗೋಡೆ ಕಡೆಗೆ ಸರಿಸುವಷ್ಟು ಮೆಲ್ಲಗೆ.
ಕರಿ ಹೊರಟಿತು, ಕುಶನ್ನಿನ ಪಕ್ಕದಲ್ಲೇ, ನೆಟ್ಟಗೆ.
ಅದು ಎಲ್ಲಿಗೆ ಬರುತ್ತದೆಂದು ಇಡೀ ಕೋಣೆಯಲ್ಲಿ
ನನಗೊಬ್ಬನಿಗೆ ಗೊತ್ತು.
ಬಂತು.
ಒಂದು ಕೂದಲೆಳೆ
ಬಲಕ್ಕೆ.
ಪಾಕೆಟ್ಟಿನ ತುಟಿಗೆ ತಗುಲಿ ನಿಂತಿತು.

ಮೈಸೂರಿನ ಹುಡುಗ ಎದ್ದು ಅದನ್ನು ಒಳಗೆ ತಳ್ಳಿದ.
ಚಪ್ಪಾಳೆ. ಕೆಳಗೆ ಯಾರೋ ಚೀಲ ಇಳಿಸಿದರು, ದಢ್.

ತೌಸೀಫ್ ಬಗ್ಗಿ ಆ ಜಾಗದ ಮೇಲೆ ಬೆರಳಿಟ್ಟ,
ಜ್ವರ ನೋಡುವವನಂತೆ. ತಲೆಯೆತ್ತಿದ.
ಬೆಳಕೆಲ್ಲ ಮೇಜಿನ ಮೇಲೆ; ನಾನಿದ್ದದ್ದು ಕತ್ತಲಲ್ಲಿ.
ಕಂಡೆನೋ ಇಲ್ಲವೋ ಅವನಿಗೆ.
ಕರಿ ವೇಸ್ಟ್‌ಕೋಟು ಬಿಚ್ಚಿ ತಂದ.
"ಮಾಚಣ್ಣ, ಇದಕ್ಕೊಂದು ಕೈ ಹಾಕ್ತೀರಾ?
ಎರಡನೇ ಬಹುಮಾನಕ್ಕೂ ಫೋಟೋ ತೆಗೀತಾರಂತೆ."
ಹಾಕಿದೆ. ಜೇಬಿನಲ್ಲಿ ನೀಲಿ ಚಾಕಿನ ಚೂರು, ತೆಗೆದಿಟ್ಟೆ.
ದುಡ್ಡು ಬೇಡ ಅಂದೆ.
ಏನೋ ದೊಡ್ಡದು ಕೊಟ್ಟವನ ಹಾಗೆ.

ಈ ವರ್ಷ ಸರಣಿಗೆ ಹೊಸ ಬಟ್ಟೆ ಬಂತು.
ಹಳೆಯದನ್ನು ಸಾಹುಕಾರರು ನನಗೇ ಕೊಟ್ಟರು.
ತಳ್ಳುಗಾಡಿಯ ಹಲಗೆಗೆ ಹಾಸಿದ್ದೇನೆ, ಮೇಲೊಂದು ಬಿಳೀ ಹೊದಿಕೆ.
ಏನೂ ಕಾಣುವುದಿಲ್ಲ. ಆದರೂ
ಯಾರದೋ ಅಂಗಿಯ ತೋಳು ಅಲ್ಲಿಗೆ ಬಂದಾಗ
ಪೆಟ್ಟಿಗೆ ಎತ್ತಿ ಆಚೆಗಿಡುತ್ತೇನೆ.
"ಯಾಕಪ್ಪಾ ಅಲ್ಲಿ ಬಿಟ್ಟೆ, ಸುಕ್ಕು ಹಾಗೇ ಐತಲ್ಲ" ಅನ್ನುತ್ತಾಳೆ ಮಗಳು.

ಅರಸೀಕೆರೆ ಗಾಡಿ ಎಷ್ಟು ಹೊತ್ತಿಗೆ
ಅಂತ ಕೇಳುತ್ತೇನೆ ನಾನು.